ಗಾಡಿ ಮೇಲಿನ ಇಲಾಖೆ

ಭಾದ್ರಪದದ ಗಣಪತಿ ಹಬ್ಬ ಹತ್ತಿರ ಬಂತೆಂದರೆ ನಮ್ಮ ಎಷ್ಟೋ ಜಿಲ್ಲೆಗಳ ಆಡಳಿತಕ್ಕೆ ಎರಡು ವ್ರತ. ಒಂದು ಶಾಂತಿ ಸಭೆ, ಇನ್ನೊಂದು ಮೆರವಣಿಗೆಯಲ್ಲಿ ಡಿಜೆ ನಿಷೇಧದ ಆದೇಶ. ಸಭೆಯಲ್ಲಿ ಚಹಾ ಕುಡಿದು ಎಲ್ಲರೂ ತಲೆಯಾಡಿಸುತ್ತಾರೆ, ಆದೇಶವನ್ನು ಪತ್ರಿಕೆಯವರು ಅಚ್ಚು ಹಾಕುತ್ತಾರೆ. ಅದೇ ಸಂಜೆ ಡಿಜೆ ಮಾಲೀಕರ ಫೋನಿಗೆ ಪುರುಸೊತ್ತಿಲ್ಲ. ಇಷ್ಟೆಲ್ಲ ಆದಮೇಲೆ ಆದೇಶವನ್ನು ರಸ್ತೆಯ ಮೇಲೆ ಪಾಲಿಸುವ ಹೊಣೆ ಯಾರ ತಲೆಗೆ ಬರುತ್ತದೆ ಎಂದರೆ, ಶಾಂತಿ ಸಭೆಗೆ ಯಾರೂ ಕರೆಯದ ಒಬ್ಬ ಹುಡುಗನ ತಲೆಗೆ. ಅವನೇ ಡಿಜೆ ಗಾಡಿಯ ಹೆಲ್ಪರ್.

ಡಿಜೆ ಅನ್ನಿಸಿಕೊಂಡವನು ಹೆಡ್‌ಫೋನು ಕುತ್ತಿಗೆಗೆ ಹಾಕಿಕೊಂಡು ಕೈ ಎತ್ತಿದರೆ ಅವನ ಕೆಲಸ ಮುಗಿಯಿತು. ಉಳಿದದ್ದೆಲ್ಲ ಹೆಲ್ಪರನದು. ಡಬಲ್ ಹದಿನೆಂಟಿಂಚಿನ ಬಾಸ್ ಬಾಕ್ಸ್ ಒಂದೊಂದೂ ನೂರು ಕಿಲೋ ಹತ್ತಿರ ತೂಗುತ್ತದೆ, ನಾಲ್ಕು ಜನ ಬೇಕು, ಇರುವವರು ಇಬ್ಬರು. ಬಾಸ್ ಕೆಳಗೆ, ಹಾಡಿನ ಮಾತು ಕೇಳಿಸುವ ಟಾಪ್ ಬಾಕ್ಸ್ ಮೇಲೆ, ಆಂಪ್ಲಿಫೈಯರ್ ಅಂದರೆ ಆಂಪ್ ರ‍್ಯಾಕಿನ ಫ್ಯಾನಿನ ಕಡೆ ಗಾಳಿಗೆ ಬಿಟ್ಟು ಕಟ್ಟಬೇಕು. ಅಷ್ಟರಲ್ಲಿ ಮಂಡಳಿಯ ಅಧ್ಯಕ್ಷರು ಬಂದು, “ತಮ್ಮಾ, ಆಚೆ ಓಣಿಯವರು ಇಪ್ಪತ್ತು ಬಾಕ್ಸ್ ಹಾಕ್ಯಾರ, ನಮ್ದು ಹದಿನಾರಾ? ಇನ್ನೊಂದು ನಾಕು ಜೋಡ್ಸು” ಎನ್ನುತ್ತಾರೆ. ಓಮ್ ಇಳಿದಷ್ಟೂ ಆಂಪಿಗೆ ಭಾರ ಹೆಚ್ಚು. ಡಬಲ್ ಬಾಕ್ಸ್ ಒಂದಕ್ಕೆ 4 ಓಮ್. ಆಂಪಿನ ಒಂದು ಚಾನೆಲ್ಲಿಗೆ ಎರಡು ಕಟ್ಟಿದರೆ 2 ಓಮ್, ಅಲ್ಲಿಗೇ ಆಂಪು ಏದುಸಿರು ಬಿಡುತ್ತದೆ. ಮೂರನೆಯದು ಸೇರಿದರೆ 1.3. ಪ್ರೊಟೆಕ್ಟ್ ಲೈಟು ಕೆಂಪಗೆ ಹತ್ತಿ ಆಂಪು ಮೌನವ್ರತ ಹಿಡಿಯುತ್ತದೆ. ಇಡೀ ಮೆರವಣಿಗೆಯಲ್ಲಿ ನಿಯಮ ಪಾಲಿಸುವ ವಸ್ತು ಇದೊಂದೇ, ಅದಕ್ಕೂ ಹೆಲ್ಪರನಿಗೇ ಬೈಗುಳ.

ಜನರೇಟರ್ ಇನ್ನೊಂದು ಕಥೆ. 62.5 ಕೆವಿಎ ಸೆಟ್ಟು ಪೂರ್ತಿ ಲೋಡಿನ ಹತ್ತಿರ ಓಡಿದರೆ ಗಂಟೆಗೆ ಹತ್ತು ಲೀಟರಿಗೂ ಹೆಚ್ಚು ಡೀಸೆಲ್ ಕುಡಿಯುತ್ತದೆ. ಎಂಜಿನ್ ನಿಲ್ಲಿಸದೆ, ಸೈಲೆನ್ಸರ್ ಪಕ್ಕದಲ್ಲೇ ಕ್ಯಾನ್ ಬಗ್ಗಿಸಿ ತುಂಬುವುದು ವಾಡಿಕೆ, ಏಕೆಂದರೆ ನಿಲ್ಲಿಸಿದರೆ ಕುಣಿಯುವವರು ಒಪ್ಪುವುದಿಲ್ಲ. ಗಾಡಿ ರಬ್ಬರ್ ಟೈರಿನ ಮೇಲಿರುವುದರಿಂದ ಅರ್ಥಿಂಗ್ ಎಂಬುದು ದೇವರಿಗೆ ಬಿಟ್ಟ ವಿಷಯ. ಲೀಕೇಜ್ ಇದ್ದ ದಿನ ಅದು ಮೊದಲು ಗೊತ್ತಾಗುವುದು ಭಾಷಣಕ್ಕೆ ಮೈಕು ತುಟಿಗೆ ತಂದುಕೊಂಡ ಮುಖಂಡರಿಗೆ. ಅದಕ್ಕಿಂತ ಕೆಟ್ಟದ್ದು ಕರೆಂಟು ವಾಪಸ್ ಹೋಗುವ ನ್ಯೂಟ್ರಲ್ ತಂತಿ ಸಡಿಲವಾಗುವುದು. ತ್ರೀ ಫೇಸ್ ಸಪ್ಲೈಯಲ್ಲಿ ನ್ಯೂಟ್ರಲ್ ಬಿಟ್ಟರೆ ಕಡಿಮೆ ಲೋಡಿರುವ ಫೇಸಿನ ವೋಲ್ಟೇಜು 230ರಿಂದ 400ರ ಕಡೆಗೆ ಏರುತ್ತದೆ. ಆ ಫೇಸಿನಲ್ಲಿ ಸಾಮಾನ್ಯವಾಗಿ ಇರುವುದು ಮಿಕ್ಸರ್, ಲ್ಯಾಪ್‌ಟಾಪ್, ಸೀರಿಯಲ್ ಲೈಟು. ಹಲ್ಲಿನಲ್ಲಿ ವೈರು ಸುಲಿದು, ಪ್ಲಗ್ ಇಲ್ಲದೆ ಬೆಂಕಿಕಡ್ಡಿ ಸಿಕ್ಕಿಸಿ ಕೊಟ್ಟ ಕನೆಕ್ಷನ್ ಗುಂಡಿ ಬಿದ್ದ ರಸ್ತೆಯಲ್ಲಿ ಎಷ್ಟು ಹೊತ್ತು ತಡೆದೀತು?

ಈಗ ಕೋಲಿನ ಖಾತೆಗೆ ಬರೋಣ. ವಿದ್ಯುತ್ ಸುರಕ್ಷತಾ ನಿಯಮದ ಪ್ರಕಾರ ರಸ್ತೆ ದಾಟುವ ಎಲ್‌ಟಿ (ಕಡಿಮೆ ವೋಲ್ಟೇಜಿನ) ತಂತಿ ಕನಿಷ್ಠ 5.8 ಮೀಟರ್ ಎತ್ತರದಲ್ಲಿರಬೇಕು, 11 ಕೆವಿ ಲೈನು 6.1 ಮೀಟರ್. ನಮ್ಮ ಗಾಡಿಯ ಲೆಕ್ಕ ನೋಡಿ. ಲಾರಿಯ ಹಲಗೆ ನೆಲದಿಂದ ಮೀಟರಿನ ಮೇಲೆ ಸ್ವಲ್ಪ, ಅದರ ಮೇಲೆ ಹನ್ನೆರಡಡಿ ಬಾಕ್ಸು, ಅದರ ಮೇಲೆ ಐದೂವರೆ ಅಡಿಯ ಹೆಲ್ಪರ್. ಕೂಡಿಸಿದರೆ ಆರೂವರೆ ಮೀಟರಿನ ಹತ್ತಿರ. ಅಂದರೆ ತಂತಿ ಕಾನೂನಿನಂತೆ ಇದ್ದರೂ ಹುಡುಗನ ತಲೆ ಕಾನೂನಿಗಿಂತ ಮೇಲಿದೆ. ಅವನ ಕೈಗೆ ಕೊಟ್ಟ ಉಪಕರಣ ತುದಿಯಲ್ಲಿ ಕವಲಿರುವ ಒಂದು ಬಿದಿರು ಕೋಲು. ತಂತಿ ಬಂದಾಗ ಎತ್ತಿ ಹಿಡಿಯಬೇಕು, ಗಾಡಿ ದಾಟಿದ ಮೇಲೆ ಮೆತ್ತಗೆ ಬಿಡಬೇಕು, ಜೋರಾಗಿ ಬಿಟ್ಟರೆ ಎರಡು ತಂತಿ ತಾಗಿ ಕಿಡಿ ಉದುರುತ್ತದೆ. ಒಣಗಿದ ಬಿದಿರು ಮನೆಗೆ ಹೋಗುವ ಸರ್ವಿಸ್ ವೈರಿಗೆ ಸಾಕಾದೀತು, ಭಾದ್ರಪದದ ಜಿಟಿಜಿಟಿ ಮಳೆಯಲ್ಲಿ ನೆಂದ ಬಿದಿರು 11 ಕೆವಿಗೆ ಯಾವ ಲೆಕ್ಕಕ್ಕೂ ಇಲ್ಲ. ಮೆರವಣಿಗೆಯ ದಾರಿಯ ನಕ್ಷೆ ಪೊಲೀಸರ ಬಳಿ ಇದೆ, ಆ ದಾರಿಯ ಲೈನು (ಫೀಡರ್) ಬಂದ್ ಮಾಡುವ ಸ್ವಿಚ್ ವಿದ್ಯುತ್ ಕಂಪನಿಯ ಬಳಿ ಇದೆ. ಇಬ್ಬರ ನಡುವಿನ ಸಮನ್ವಯವೇ ಈ ಕೋಲು.

ಇನ್ನು ಶಬ್ದ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಗೊತ್ತುಪಡಿಸಿವೆ. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ ನೂರು ಮೀಟರ್ ನಿಶ್ಶಬ್ದ ವಲಯ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ಕೂಡದು. ರಾಜ್ಯ ಸರ್ಕಾರ ಮನಸ್ಸು ಮಾಡಿದರೆ ವರ್ಷಕ್ಕೆ 15 ದಿನ ಮೀರದಂತೆ ಹನ್ನೆರಡರವರೆಗೆ ಬಿಡಬಹುದು. ಈಗ ನಮ್ಮ ಟಾಪ್ ಒಂದನ್ನೇ ತೆಗೆದುಕೊಳ್ಳಿ: ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 100 ಡೆಸಿಬಲ್ ಕೊಡುವಂಥದು. ಸಾವಿರ ವ್ಯಾಟ್ ಹರಿಸಿದರೆ 130. ದೂರ ದುಪ್ಪಟ್ಟಾದಾಗಲೆಲ್ಲ 6 ಡೆಸಿಬಲ್ ಇಳಿಯುತ್ತದೆ. ಈ ಲೆಕ್ಕದಲ್ಲಿ ಬಟಾಬಯಲಿನಲ್ಲೂ 55ಕ್ಕೆ ಇಳಿಯಬೇಕಾದರೆ ಐದೂವರೆ ಕಿಲೋಮೀಟರ್ ಆಚೆ ನಿಲ್ಲಬೇಕು. ಗಣಪತಿ ಹಳೇಪೇಟೆಯಲ್ಲಿ, ಡಿಜೆ ಬೈಪಾಸಿನಲ್ಲಿ ಅಂತ ಅನುಮತಿ ಪತ್ರದಲ್ಲೇ ಬರೆದುಬಿಟ್ಟರೆ ಎಲ್ಲರಿಗೂ ಸಮಾಧಾನ. ಇದು ಒಂದೇ ಒಂದು ಟಾಪಿನ ಲೆಕ್ಕ ಎಂಬುದು ನೆನಪಿರಲಿ.

ಅಪರೂಪಕ್ಕೆ ಮೀಟರ್ ಹಿಡಿದ ಅಧಿಕಾರಿ ಬಂದಾಗ ಹೆಲ್ಪರನ ಪಾಂಡಿತ್ಯ ಹೊರಬೀಳುತ್ತದೆ. ನಿಯಮದಲ್ಲಿ ಹೇಳಿರುವುದು ಎ-ವೇಟೆಡ್ ಡೆಸಿಬಲ್. ಈ ಅಳತೆ ಮನುಷ್ಯನ ಕಿವಿಯನ್ನು ಅನುಕರಿಸುವ ಉಮೇದಿನಲ್ಲಿ ಕೆಳಸ್ವರಗಳಿಗೆ ಭಾರಿ ರಿಯಾಯಿತಿ ಕೊಡುತ್ತದೆ: 50 ಹರ್ಟ್ಸ್‌ನ ಬಾಸಿಗೆ 30 ಡೆಸಿಬಲ್ ಕಡಿತ. ನಿಜವಾಗಿ 110 ಇದ್ದದ್ದು ಮೀಟರಿನಲ್ಲಿ 80. ಆದ್ದರಿಂದ “ಸೌಂಡ್ ಕಮ್ಮಿ ಮಾಡ್ಲೇ” ಎಂದ ಕೂಡಲೇ ಹುಡುಗ ಟಾಪಿನ ಆಂಪನ್ನು ಅರ್ಧ ಇಳಿಸುತ್ತಾನೆ, ಬಾಸನ್ನು ಮುಟ್ಟುವುದಿಲ್ಲ. ಹಾಡಿನ ಮಾತು ಕೇಳಿಸದಂತಾಗುತ್ತದೆ, ಮೀಟರಿನ ಮುಳ್ಳು ಇಳಿಯುತ್ತದೆ, ಸಾಹೇಬರು ಸಮಾಧಾನದಿಂದ ಜೀಪು ಹತ್ತುತ್ತಾರೆ. ಎಡಬಲದ ಮನೆಗಳಲ್ಲಿ ಮಾತ್ರ ಪಾತ್ರೆ ಗೂಡಿನಿಂದ ಲೋಟಗಳು ಒಂದೊಂದೇ ನೆಲಕ್ಕೆ ಬರುತ್ತಿರುತ್ತವೆ. ಜನ ದೂರುವುದು ಎದೆ ನಡುಗುತ್ತದೆ, ಕಿಟಕಿ ಅಲುಗುತ್ತದೆ ಎಂದು. ಸರ್ಕಾರ ಅಳೆಯುವುದು ಕಿವಿಗೆ ಕೇಳಿದ್ದನ್ನು. ಇಷ್ಟು ಅಚ್ಚುಕಟ್ಟಾಗಿ ಎರಡೂ ಕಡೆಯವರು ಒಬ್ಬರನ್ನೊಬ್ಬರು ತಪ್ಪಿಸಿಕೊಳ್ಳುವುದು ಬೇರೆ ಯಾವ ಇಲಾಖೆಯಲ್ಲೂ ಕಾಣೆ.

ಹೆಲ್ಪರನ ಕಿವಿಯ ಬಗ್ಗೆ ಆದೇಶದಲ್ಲಿ ಪ್ಯಾರಾ ಇಲ್ಲ. ಅಮೆರಿಕದ ನಿಯಾಶ್ ಎಂಬ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬಲ್ಲಿನಲ್ಲಿ ಎಂಟು ಗಂಟೆ ಇರಬಹುದು, ಪ್ರತಿ 3 ಡೆಸಿಬಲ್ ಏರಿಕೆಗೆ ಹೊತ್ತು ಅರ್ಧವಾಗುತ್ತದೆ. 100ಕ್ಕೆ ಹದಿನೈದು ನಿಮಿಷ, 115ಕ್ಕೆ ಅರ್ಧ ನಿಮಿಷವೂ ಇಲ್ಲ. ಗಾಡಿ ಗುಡಿ ಮುಂದಿನಿಂದ ಹೊರಟು ಮೊದಲ ತಿರುವು ದಾಟುವುದರೊಳಗೆ ಅವನ ದಿನದ ಕೋಟಾ ಖರ್ಚು. ಅವನು ಕಿವಿಗೆ ತುರುಕಿಕೊಳ್ಳುವ ಹತ್ತಿ ಉಂಡೆ ಈ ಬಾಸಿಗೆ ಲೆಕ್ಕಕ್ಕೇ ಇಲ್ಲ. ಫೋಮಿನ ಇಯರ್‌ಪ್ಲಗ್ಗು ಮೆಡಿಕಲ್ ಶಾಪಿನಲ್ಲಿ ಚಿಲ್ಲರೆ ದುಡ್ಡಿಗೆ ಸಿಗುತ್ತದೆ. ಲೇಸರ್ ಲೈಟಿಗೆ ಸಾವಿರಗಟ್ಟಲೆ ಸುರಿದ ಮಾಲೀಕರಿಗೆ ಅದು ದುಂದುವೆಚ್ಚ.

ಕೊನೆಗೊಂದು ದಿನ ಆದೇಶ ನಿಜವಾಗಿಯೂ ಜಾರಿಯಾಗುತ್ತದೆ. ಬಂದ್ ಮಾಡುವುದಕ್ಕೂ ಕ್ರಮವಿದೆ: ಮೊದಲು ಆಂಪು, ಆಮೇಲೆ ಮಿಕ್ಸರ್, ಕೊನೆಗೆ ಜನರೇಟರ್. ಪೇದೆಗೆ ಗೊತ್ತಿರುವುದು ಜನರೇಟರಿನ ಕೆಂಪು ಗುಂಡಿ ಒಂದೇ. ಒತ್ತಿದರೆ ಮಿಕ್ಸರ್ ಮೊದಲು ಸಾಯುತ್ತದೆ, ಆಂಪಿನ ಕೆಪಾಸಿಟರುಗಳಲ್ಲಿ ಚಾರ್ಜು ಇನ್ನೂ ಇರುತ್ತದೆ, ಹದಿನಾರು ಬಾಕ್ಸೂ ಒಟ್ಟಿಗೆ ‘ಧಡ್’ ಎನ್ನುತ್ತವೆ. ಆ ರಾತ್ರಿಯ ಅತಿ ದೊಡ್ಡ ಸದ್ದು ಸರ್ಕಾರದ್ದೇ.

ಆಗ ಮಾಲೀಕರ ಫೋನು ಸ್ವಿಚ್ ಆಫ್, ಡಿಜೆ ಗುಂಪಿನಲ್ಲಿ ಮಾಯ, ಅಧ್ಯಕ್ಷರು ಗಣಪತಿಯ ಜೊತೆ ಕೆರೆಯ ಕಡೆ. ಗಾಡಿಯ ಮೇಲೆ ಸಿಗುವವನು ಹೆಲ್ಪರ್ ಒಬ್ಬನೇ. ಠಾಣೆಯಲ್ಲಿ ಪಂಚನಾಮೆ ಬರೆಯುವ ದಫೇದಾರರಿಗೆ ಬಾಸ್ ಯಾವುದು, ಟಾಪ್ ಯಾವುದು ಗೊತ್ತಿಲ್ಲ. “ಹೇಳೋ, ಏನೇನದಾವ?” ಎಂದರೆ ಅವನೇ ಎಣಿಸಿ ಹೇಳುತ್ತಾನೆ: ಬಾಸ್ 8, ಟಾಪ್ 8, ಆಂಪ್ 6, ಮಿಕ್ಸರ್ 1, ಬಾಕ್ಸಿಗೆ ಕಟ್ಟುವ ಸ್ಪೀಕಾನ್ ಕೇಬಲ್ 22. ಸ್ಪೀಕಾನಿಗೆ ದೀರ್ಘ ಎಲ್ಲಿ ಬರುತ್ತದೆ ಎಂದೂ ಅವನೇ ಹೇಳಿಕೊಡುತ್ತಾನೆ. ಆರೋಪಿಯ ಹೆಸರಿನ ಜಾಗದಲ್ಲಿ ಬರೆಯಲು ಹೆಸರೂ ಅವನದೇ. ಆಮೇಲೆ ಬಾಕ್ಸುಗಳನ್ನು ಠಾಣೆಯ ಹಿತ್ತಲಿನಲ್ಲಿ ಇಳಿಸುವವನು ಅವನೇ, ಯಾಕೆಂದರೆ ಪೊಲೀಸರಿಗೆ ಸೊಂಟನೋವು.

ಕೋರ್ಟಿಗೆ ಅರ್ಜಿ ಹಾಕಿ, ಬಾಂಡ್ ಬರೆದುಕೊಟ್ಟು ಮಾಲೀಕರು ಸಾಮಾನು ಬಿಡಿಸಿಕೊಳ್ಳುತ್ತಾರೆ. ಮಳೆಗೆ ಪ್ಲೈವುಡ್ ಉಬ್ಬಿರುತ್ತದೆ, ಸ್ಪೀಕರಿನ ಕೋನು ಮೆತ್ತಗಾಗಿರುತ್ತದೆ. ಹೇರಲು ಮತ್ತೆ ಅದೇ ಹುಡುಗನಿಗೆ ಫೋನು. ಅವತ್ತಿನ ಪಗಾರ ಕೇಳಿದರೆ, “ಪ್ರೋಗ್ರಾಂ ಅರ್ಧಕ್ಕ ನಿಂತದ್ದು ಗೊತ್ತಿಲ್ಲೇನು? ಅದ್ರಾಗ 22 ಕೇಬಲ್ ಕೊಟ್ಟಿದ್ದೆ, 21 ಅದಾವು” ಅನ್ನುತ್ತಾರೆ.