ಆತ ಅತ್ತದ್ದು ತೋರಿಕೆಗಲ್ಲ

ನಿನ್ನೆ ಒಂದು ಅಂತ್ಯಕ್ರಿಯೆಗೆ ಹೋಗಿದ್ದೆ. ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ತೀರಿಕೊಂಡ ಹುಡುಗನಿಗೆ ಇಪ್ಪತ್ತಾರು ವರ್ಷ. ತಾಯಿ ಪೆಟ್ಟಿಗೆಯ ಪಕ್ಕದಲ್ಲೇ ಕುಳಿತಿದ್ದರು. ಮಗನ ಕೈಗಡಿಯಾರ ಅವರ ಮುಷ್ಟಿಯಲ್ಲಿತ್ತು, ಅದರ ಪಟ್ಟಿ ಬೆರಳ ಸಂದಿಯಿಂದ ಹೊರಗೆ ಇಣುಕುತ್ತಿತ್ತು. ಬೋಧಕರು ಯೋಹಾನನ ಸುವಾರ್ತೆಯ 11ನೆಯ ಅಧ್ಯಾಯ ತೆಗೆದರು. ಸತ್ತು ನಾಲ್ಕು ದಿನವಾಗಿದ್ದ ಲಾಜರನನ್ನು ಯೇಸು ಸಮಾಧಿಯಿಂದ ಎಬ್ಬಿಸಿದ ಪ್ರಸಂಗ. 35ನೆಯ ವಚನ ಬಂತು: ‘ಯೇಸು ಕಣ್ಣೀರು ಬಿಟ್ಟನು.’ ಅವರು ಪುಸ್ತಕದಿಂದ ತಲೆ ಎತ್ತಿ ಹೇಳಿದರು: “ಸ್ವಾಮಿ ನಿಜವಾಗಿ ದುಃಖಪಟ್ಟರೆಂದು ತಿಳಿಯಬೇಡಿ. ಲಾಜರನು ಎದ್ದು ಬರುತ್ತಾನೆಂದು ಅವರಿಗೆ ಗೊತ್ತಿತ್ತು. ಜನರಿಗೆ ತೋರಿಸುವುದಕ್ಕಾಗಿ ಅತ್ತರು, ಅಷ್ಟೇ. ವಿಶ್ವಾಸಿಗಳು ಹೀಗೆ ಅಳಬಾರದು.”

ಆ ತಾಯಿಯ ಅಳು ಅಲ್ಲಿಗೇ ನಿಂತಿತು. ಮುಷ್ಟಿಯನ್ನು ಬಾಯಿಗೆ ಒತ್ತಿಕೊಂಡರು, ಗಡಿಯಾರದ ಸಮೇತ.

ನನ್ನನ್ನು ಬಲ್ಲವರಿಗೆ ಗೊತ್ತು, ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ತಪ್ಪು ಹುಡುಕುವ ಚಟ ನನಗಿಲ್ಲ. ಭಾನುವಾರದ ಶಾಲೆಯಲ್ಲಿ ಹದಿನೈದು ವರ್ಷ ಮಕ್ಕಳಿಗೆ ಕಲಿಸಿದ್ದೇನೆ. ಬೋಧಕರ ಎಷ್ಟೋ ಮಾತುಗಳನ್ನು ಒಪ್ಪದೆಯೂ ಸುಮ್ಮನೆ ಎದ್ದು ಬಂದಿದ್ದೇನೆ. ಇದನ್ನು ಮಾತ್ರ ನುಂಗಿಕೊಳ್ಳಲಾರೆ. ಯೇಸುವಿನ ಕಣ್ಣೀರು ತೋರಿಕೆಯದ್ದಾದರೆ ಆತನ ಹಸಿವೂ ತೋರಿಕೆ, ದಣಿವೂ ತೋರಿಕೆ, ಶಿಲುಬೆಯ ನೋವೂ ತೋರಿಕೆ. ಆಮೇಲೆ ನಾವು ನಂಬುವುದಕ್ಕೆ ಉಳಿಯುವುದೇನು?

ಅದೇ ಅಧ್ಯಾಯವನ್ನು ನಿಧಾನವಾಗಿ ಓದಿ ನೋಡಿ. ಲಾಜರನ ಅಕ್ಕ ಮಾರ್ಥಳು ಯೇಸುವಿನ ಎದುರಿಗೆ ಬಂದು, ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಎನ್ನುತ್ತಾಳೆ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಬ್ಬ ಅಕ್ಕ ಮರಿಯಳು ಬಂದು ಪಾದಕ್ಕೆ ಬಿದ್ದು ಅದೇ ಮಾತು ಹೇಳುತ್ತಾಳೆ. ದೂರು ಒಂದೇ. ಮಾರ್ಥಳಿಗೆ ಆತ ಬೋಧನೆ ಕೊಟ್ಟ, ಪುನರುತ್ಥಾನವೂ ಜೀವವೂ ನಾನೇ ಎಂದ. ಮರಿಯಳಿಗೆ ಯಾವ ಬೋಧನೆಯನ್ನೂ ಕೊಡಲಿಲ್ಲ. ಅವಳು ಅಳುವುದನ್ನು ಕಂಡು ಒಳಗೊಳಗೇ ನೊಂದು, ಅವನನ್ನು ಎಲ್ಲಿಟ್ಟಿದ್ದೀರಿ ಎಂದು ಕೇಳಿ, ತಾನೂ ಅತ್ತ. ಲಾಜರನು ಎದ್ದು ಬರುತ್ತಾನೆಂದು ಗೊತ್ತಿದ್ದೂ ಅತ್ತ. ನಾಲ್ಕು ದಿನ ಅಕ್ಕಂದಿರು ಪಟ್ಟ ಸಂಕಟ ನಿಜವಾಗಿತ್ತು, ಆದ್ದರಿಂದ ಅತ್ತ. ಇದನ್ನು ನಟನೆ ಎನ್ನಲು ಆ ಪುಟದಲ್ಲಿ ಒಂದಕ್ಷರದ ಆಧಾರವೂ ಇಲ್ಲ.

ಬೋಧಕರ ಮಾತು ಹೊಸದೇನಲ್ಲ, ಬಹಳ ಹಳೆಯದು. ಯೇಸುವಿಗೆ ನಿಜವಾದ ದೇಹವಿರಲಿಲ್ಲ, ಮನುಷ್ಯನಂತೆ ಕಾಣಿಸಿಕೊಂಡನಷ್ಟೇ ಎನ್ನುವವರು ಮೊದಲ ಶತಮಾನಗಳಲ್ಲೇ ಇದ್ದರು. ‘ಕಾಣಿಸು’ ಎಂಬ ಅರ್ಥದ ಗ್ರೀಕ್ ಧಾತುವಿನಿಂದಲೇ ಆ ಪಂಥಕ್ಕೆ ಡೊಸೆಟಿಸಂ ಎಂದು ಹೆಸರು. ಕ್ರಿಸ್ತನು ಶರೀರಧಾರಿಯಾಗಿ ಬಂದನೆಂದು ಒಪ್ಪದ ಆತ್ಮ ದೇವರಿಂದ ಬಂದದ್ದಲ್ಲ ಎಂದು ಯೋಹಾನನ ಮೊದಲನೆಯ ಪತ್ರಿಕೆ ಖಂಡತುಂಡವಾಗಿ ಹೇಳುತ್ತದೆ. ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸ್‌ನನ್ನು ಬೇಡಿ ಹಾಕಿ ರೋಮಿಗೆ ಸಾಗಿಸುತ್ತಿದ್ದರು. ಕಾಡುಮೃಗಗಳಿಗೆ ಆಹಾರವಾಗಲು ಹೊರಟಿದ್ದ ಆತ ದಾರಿಯಲ್ಲಿ ಸಭೆಗಳಿಗೆ ಬರೆದ ಪತ್ರಗಳಲ್ಲಿ ಈ ಪ್ರಶ್ನೆ ಎತ್ತಿದ: ಕ್ರಿಸ್ತನ ನೋವು ಬರೀ ತೋರಿಕೆಯಾದರೆ ನಾನು ಏಕೆ ಬೇಡಿಯಲ್ಲಿದ್ದೇನೆ? ನಿನ್ನೆ ಆ ತಾಯಿಯೂ ಇದನ್ನೇ ಕೇಳಬಹುದಿತ್ತು. ಅವರ ನೋವಂತೂ ತೋರಿಕೆಯದ್ದಾಗಿರಲಿಲ್ಲ.

ನಮ್ಮ ಭಾಷೆಯ ಬಗ್ಗೆಯೂ ಒಂದು ಮಾತು. ಯೋಹಾನನು ಯೇಸುವನ್ನು ‘ವಾಕ್ಯ’ ಎಂದು ಕರೆಯುತ್ತಾನೆ. ಹಳೆಯ ಕನ್ನಡ ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಆ ವಾಕ್ಯವೆಂಬವನು ‘ನರಾವತಾರ ಎತ್ತಿ’ ನಮ್ಮ ಮಧ್ಯದಲ್ಲಿ ವಾಸಮಾಡಿದನು ಎಂದಿದೆ. ಅನುವಾದಕರು ಕೈಗೆ ಸಿಕ್ಕ ಒಳ್ಳೆಯ ಪದವನ್ನೇ ಬಳಸಿದರು, ಅವರ ಮೇಲೆ ನನಗೆ ಮುನಿಸಿಲ್ಲ. ಆದರೆ ಅವತಾರ ಎಂದೊಡನೆ ನಮ್ಮ ಮನಸ್ಸು ಮೇಲಿನಿಂದ ಇಳಿದು ಬಂದು, ಕೆಲಸ ಮುಗಿಸಿ ಹೊರಡುವ ರೂಪವನ್ನು ಕಲ್ಪಿಸಿಕೊಳ್ಳುತ್ತದೆ. ಗ್ರೀಕ್ ಮೂಲದ ಮಾತು ತುಂಬ ಒರಟು: ವಾಕ್ಯವು ಮಾಂಸವಾಯಿತು. ಮಾಂಸವೆಂದರೆ ಕೊಯ್ದರೆ ರಕ್ತ ಬರುವಂಥದ್ದು, ಜ್ವರ ಬಂದರೆ ಸುಡುವಂಥದ್ದು. ಬಾವಿಯ ಬಳಿ ದಣಿದು ಕುಳಿತು ನೀರು ಕೇಳಿದ್ದು ಆ ಮಾಂಸ. ಬಿರುಗಾಳಿ ಎದ್ದರೂ ದೋಣಿಯ ಹಿಂಭಾಗದಲ್ಲಿ ತಲೆದಿಂಬಿನ ಮೇಲೆ ಒರಗಿ ಗಾಢವಾಗಿ ನಿದ್ದೆಹೋಗಿದ್ದದ್ದೂ ಅದೇ ಮಾಂಸ.

ಆತ ದೇವರಲ್ಲವೇ, ದೇವರಿಗೆ ದುಃಖವೆಲ್ಲಿಯದು ಎಂದು ಯಾರಾದರೂ ಖಂಡಿತ ಕೇಳುತ್ತೀರಿ. ಆತ ದೇವರೆಂದು ನಾನೂ ನಂಬುತ್ತೇನೆ, ಪೂರ್ತಿಯಾಗಿ. ಆದರೆ ಕ್ರಿ.ಶ. 451ರಲ್ಲಿ ಬಿಷಪರು ಸೇರಿದ್ದ ಕಲ್ಸೆದೋನ್ ಮಹಾಸಭೆ ಹೇಳಿದ್ದು ಒಂದು ಮಾತನ್ನಲ್ಲ, ಎರಡನ್ನು: ದೈವತ್ವದಲ್ಲಿ ತಂದೆಗೆ ಸಮಾನ, ಮನುಷ್ಯತ್ವದಲ್ಲಿ ಪಾಪವೊಂದನ್ನು ಬಿಟ್ಟು ಎಲ್ಲದರಲ್ಲೂ ನಮಗೆ ಸಮಾನ. ಎರಡನೆಯದನ್ನು ಕೈಬಿಟ್ಟು ಮೊದಲನೆಯದನ್ನಷ್ಟೇ ಹಿಡಿದರೆ ಅದು ಹೆಚ್ಚಿನ ಭಕ್ತಿಯಾಗುವುದಿಲ್ಲ, ಅರ್ಧ ವಿಶ್ವಾಸವಾಗುತ್ತದೆ. ಅದಕ್ಕೂ ಮೊದಲೇ ಅಪೊಲಿನಾರಿಸ್ ಎಂಬವನು ಯೇಸುವಿನ ದೇಹ ಮನುಷ್ಯನದು, ಮನಸ್ಸು ಮಾತ್ರ ದೈವದ್ದು ಎಂದು ವಾದಿಸಿದಾಗ ನಾಜಿಯಾಂಜಸ್‌ನ ಗ್ರೆಗರಿ ಎಂಬ ಧರ್ಮಗುರು ಕೊಟ್ಟ ಉತ್ತರ ನನಗೆ ಬಾಯಿಪಾಠವಾಗಿದೆ: ಆತ ತನ್ನದಾಗಿ ಮಾಡಿಕೊಳ್ಳದೆ ಬಿಟ್ಟದ್ದು ವಾಸಿಯಾಗದೆಯೇ ಉಳಿಯುತ್ತದೆ. ಮನುಷ್ಯನ ದುಃಖವನ್ನು ಆತ ತನ್ನದಾಗಿ ಮಾಡಿಕೊಳ್ಳದಿದ್ದರೆ ನಮ್ಮ ದುಃಖಕ್ಕೆ ಔಷಧಿಯೇ ಇಲ್ಲ.

ಇಲ್ಲಿ ಎಂದೂ ಹೇಳದ ಒಂದು ವಿಷಯ ಹೇಳುತ್ತೇನೆ. ಅಪ್ಪ ಹೋದ ವರ್ಷ ನಾನು ಪ್ರಾರ್ಥನೆ ನಿಲ್ಲಿಸಿದ್ದೆ. ಮಕ್ಕಳಿಗೆ ಪಾಠ ಹೇಳುತ್ತಿದ್ದೆ, ಹಾಡುತ್ತಿದ್ದೆ, ಮನೆಗೆ ಬಂದರೆ ಮಾತ್ರ ಬಾಯಿ ಕಟ್ಟಿಹೋಗುತ್ತಿತ್ತು. ಹನ್ನೊಂದು ದಿನ ಆಸ್ಪತ್ರೆಯ ಬಾಗಿಲಲ್ಲಿ ನಿಂತು ಬೇಡಿದ್ದು ಸಿಗದ ಮೇಲೆ ಇನ್ನೇನು ಕೇಳಲಿ? ನನ್ನನ್ನು ಮತ್ತೆ ಮೊಣಕಾಲೂರಿಸಿದ್ದು ಗೆತ್ಸೇಮನೆ, ಯೇಸು ಸೆರೆಸಿಕ್ಕ ರಾತ್ರಿ ಪ್ರಾರ್ಥಿಸಿದ ತೋಟ. ಅಲ್ಲಿ ಆತನೂ ಬೇಡ ಎಂದ. ಈ ಪಾತ್ರೆಯನ್ನು ನನ್ನಿಂದ ತೊಲಗಿಸು ಎಂದು ನೆಲಕ್ಕೆ ಬಿದ್ದು ಬೇಡಿದ, ಜೊತೆಯಲ್ಲಿದ್ದವರು ನಿದ್ದೆಹೋಗಿದ್ದರು. ಪಾತ್ರೆ ತೊಲಗಲಿಲ್ಲ. ಆ ರಾತ್ರಿ ಆತನ ಮೈಯ ನಡುಕ ನಿಜವಲ್ಲದಿದ್ದರೆ ನಾನು ಇವತ್ತು ಸಭೆಯಲ್ಲಿ ಇರುತ್ತಿರಲಿಲ್ಲ.

ಅದೇ ತೋಟದ ಪ್ರಾರ್ಥನೆಗಾಗಿ ಮ್ಯಾಕ್ಸಿಮಸ್ ಎಂಬ ವೃದ್ಧ ಸನ್ಯಾಸಿ ಎಂಥ ಬೆಲೆ ತೆತ್ತ! ‘ನನ್ನ ಚಿತ್ತವಲ್ಲ, ನಿನ್ನ ಚಿತ್ತ’ ಎಂದು ಹೇಳಬೇಕಾದರೆ ಯೇಸುವಿಗೆ ಮನುಷ್ಯನ ಚಿತ್ತವೂ ಇರಲೇಬೇಕು ಎಂಬುದು ಅವನ ಹಟ. ಅದಕ್ಕಾಗಿ ಅವನ ನಾಲಿಗೆಯನ್ನೂ ಬಲಗೈಯನ್ನೂ ಕತ್ತರಿಸಿದರು. 662ರಲ್ಲಿ ದೇಶಭ್ರಷ್ಟನಾಗಿಯೇ ಸತ್ತ. ಮುಂದೆ 680–81ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆ ಅವನು ಹಿಡಿದಿದ್ದ ನಿಲುವನ್ನೇ ಸಭೆಯ ನಂಬಿಕೆಯೆಂದು ಸಾರಿತು. ಒಬ್ಬ ಮನುಷ್ಯ ನಾಲಿಗೆ ಕೊಟ್ಟು ಉಳಿಸಿದ ಮಾತನ್ನು ನಾವು ಶವಪೆಟ್ಟಿಗೆಯ ಮುಂದೆ ನಿಂತು ಎರಡು ವಾಕ್ಯಗಳಲ್ಲಿ ಅಳಿಸಿಹಾಕುತ್ತೇವೆ.

ಬೋಧಕರೇ, ಇದನ್ನು ಓದುತ್ತಿದ್ದರೆ ದಯವಿಟ್ಟು ಅಳುವವರನ್ನು ಗದರಿಸಬೇಡಿ. ಯೇಸು ಗಟ್ಟಿಯಾಗಿ ಕೂಗುತ್ತಾ ಕಣ್ಣೀರಿಡುತ್ತಾ ಪ್ರಾರ್ಥಿಸಿದನೆಂದು ಇಬ್ರಿಯರಿಗೆ ಬರೆದ ಪತ್ರಿಕೆಯೇ ಹೇಳುತ್ತದೆ. ಆತನ ವಿಶ್ವಾಸಕ್ಕೆ ಯಾವ ಕುಂದೂ ಬರಲಿಲ್ಲ.

ನಾಳೆ ಆ ತಾಯಿಯ ಮನೆಗೆ ಹೋಗುತ್ತೇನೆ. ಅದೇ ಅಧ್ಯಾಯ ಓದುತ್ತೇನೆ, 35ನೆಯ ವಚನದವರೆಗೆ. ಮುಂದಿನದನ್ನು ಅವರು ಕೇಳಿದ ದಿನ ಓದಿದರಾಯಿತು.