ಹಂಚಿನ ಅಡಿಯ ಅಕ್ಷರ

ಯೇಸುವಿನ ಶಿಷ್ಯತ್ವಕ್ಕೆ ತೆರಬೇಕಾದ ಬೆಲೆಯ ಬಗ್ಗೆ ಒಂದು ಲೇಖನ ಓದಿದೆ. ಬೆಲೆ ಅಂದ ಕೂಡಲೇ ಅದರ ಲೇಖಕರು 1945ರಲ್ಲಿ ನಾಜಿಗಳು ಗಲ್ಲಿಗೇರಿಸಿದ ಜರ್ಮನ್ ಪಾದ್ರಿ ಬಾನ್‌ಹಾಫರ್ ಕಥೆ ಹೇಳಿದ್ದಾರೆ. ದೊಡ್ಡ ಮನುಷ್ಯ, ಎರಡು ಮಾತಿಲ್ಲ. ಆದರೆ ಅಷ್ಟು ದೂರ ಯಾಕೆ ಹೋಗಬೇಕು ಸರ್? ನಮ್ಮ ಮಂಗಳೂರಿನಲ್ಲೇ 1844ರಲ್ಲಿ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು. ಸಾರಸ್ವತ ಬ್ರಾಹ್ಮಣರ ಮನೆಯ ಹುಡುಗ. ಊರಲ್ಲಿ ದೊಡ್ಡ ಗಲಾಟೆಯೇ ಆಯಿತು.

ಹೆಸರು ಉಳಿಯದವರ ಪಾಡು ಇನ್ನೂ ಕಷ್ಟ. ಯೇಸುವನ್ನು ನಂಬಿದ ದಿನವೇ ಜಾತಿ ಹೋಯಿತು, ಜಾತಿಯ ಜೊತೆ ಕಸುಬೂ ಹೋಯಿತು. ನಾಳೆಯ ಗಂಜಿಗೆ ಏನು ಮಾಡೋದು? ಸ್ವಿಟ್ಜರ್ಲೆಂಡಿನಿಂದ ಬಂದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ನೇಯ್ಗೆ ಶುರು ಮಾಡಿದ್ದು, 1865ರಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು ಬಹುಮಟ್ಟಿಗೆ ಇವರ ಹೊಟ್ಟೆಪಾಡಿಗೇ. ನಮ್ಮ ಅಜ್ಜಿ ಮನೆಯ ಮಾಡು ಬಿಚ್ಚಿದಾಗ ಒಂದು ಹಂಚು ತಿರುಗಿಸಿ ನೋಡಿದೆ. ಪಾಚಿ ಕೆರೆದರೆ ಮಿಷನ್ ಹೆಸರಿನ ಅಚ್ಚು.

ಬೈಬಲಿನ ಲೂಕನ ಸುವಾರ್ತೆಯ 14ನೇ ಅಧ್ಯಾಯದಲ್ಲಿ ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕಬೇಕು ಅಂತಿದೆ. ಈ ಜನ ಹಾಕಿದ್ದರೋ ಏನೋ. ನಾವಂತೂ ಭಾನುವಾರ ಚರ್ಚಿನಲ್ಲಿ ಪಾದ್ರಿಗಳ ಪ್ರಸಂಗ ಹತ್ತು ನಿಮಿಷ ಜಾಸ್ತಿಯಾದರೆ ವಾಚ್ ನೋಡ್ತೇವೆ!