ಯಾವ ಸೀನಿಗೆ ಯಾರು ಎದ್ದು ಹೋದರು

ಮೊನ್ನೆ ಹಳೇ ಗೆಳೆಯನೊಬ್ಬ ಇಲ್ಲಿ ನನ್ನನ್ನು ಟ್ಯಾಗ್ ಮಾಡಿದ್ದ. "ನಿನ್ನ ಮೆಚ್ಚಿನ ಹತ್ತು ಸಿನಿಮಾ ಹಾಕು, ಕಾರಣ ಬೇಡ" ಅಂತ. ಬರೆಯೋಕೆ ಕೂತೆ. ಪಟ್ಟಿ ಐದಕ್ಕೇ ನಿಂತಿತು. ಹಾಗಂತ ಬೇರೆ ಸಿನಿಮಾ ಇಷ್ಟ ಇಲ್ಲ ಅಂತಲ್ಲ. ಸಿಳ್ಳೆ ಹೊಡೆದು ನೋಡಿದ್ದು ಐವತ್ತಾದರೂ ಇರಬೇಕು. ಆದರೆ ಈ ಐದೇ ಯಾಕೆ ಮೊದಲು ಬಂದವು ಅಂತ ಯೋಚಿಸಿದಾಗ ಒಂದು ವಿಷಯ ಹೊಳೆಯಿತು. ಈ ಐದನ್ನೂ ನೋಡುವಾಗ ನಮ್ಮ ಮನೆಯಲ್ಲಿ ಯಾರಾದರೂ ಒಬ್ಬರು ಮಧ್ಯದಲ್ಲಿ ಎದ್ದು ಹೋಗಿದ್ದಾರೆ. ಬೇಜಾರಾಗಿ ಅಲ್ಲ. ಕೂತಿರೋಕೆ ಆಗದೆ.

ಕಾರಣ ಬೇಡ ಅಂದಿದ್ದ ಅವನು. ನಾನು ಬರೀತಿರೋದು ಬರೀ ಕಾರಣವನ್ನೇ. ಹೋಗಲಿ ಬಿಡಿ.

ಮೊದಲು ಅಜ್ಜಿ. ತಿಪಟೂರಿನ ಹತ್ತಿರ ನಮ್ಮೂರು. ಪಡಸಾಲೆಯಲ್ಲಿ ಬಾಗಿಲು ಎಳೆದು ಮುಚ್ಚುವಂಥ ಕಪ್ಪು ಬಿಳುಪು ಟಿವಿ. ದೂರದರ್ಶನದಲ್ಲಿ 'ಬಂಗಾರದ ಮನುಷ್ಯ' ಇದ್ದ ದಿನ ಬೀದಿಯ ಅರ್ಧ ಜನ ನಮ್ಮ ಮನೆಯಲ್ಲೇ ಇರುತ್ತಿದ್ದರು. ಅಜ್ಜಿಗೆ ಅದರಲ್ಲಿ ರಾಜ್‌ಕುಮಾರ್‌ಗಿಂತ ರಾಚೂಟಪ್ಪನ ಪಾತ್ರದ ಬಾಲಕೃಷ್ಣ ಅಂದ್ರೆ ಜಾಸ್ತಿ ಪ್ರೀತಿ. 'ಆಗದು ಎಂದು ಕೈಲಾಗದು ಎಂದು' ಹಾಡು ಬಂದರೆ ಮಾತ್ರ ಮೂಗು ಮುರಿಯೋಳು. "ಬಂಡೆ ಕೀಳೋಕೆ ಹಾಡು ಹೇಳಿದ್ರೆ ಆಯ್ತದಾ? ಸೊಂಟ ಕೇಳು ಹೇಳ್ತದೆ" ಅನ್ನೋಳು. ಎರಡೆಕರೆ ಕಲ್ಲು ನೆಲವನ್ನು ತಾನೇ ಹಸನು ಮಾಡಿದವಳು, ಹೇಳೋ ಹಕ್ಕಿತ್ತು.

ಸಿನಿಮಾ ಕೊನೆ ಹತ್ತಿರ ಬಂತು ಅನ್ನುವಾಗ ಅಜ್ಜಿ ಎದ್ದು ಹೋಗಿ ಟಿವಿ ಆರಿಸಿಬಿಡುತ್ತಿದ್ದಳು. "ಮುಗೀತು, ನಡೀರಿ ಮನೆಗೆ." ಒಂದು ಸಲ ಅಲ್ಲ, ಆ ಸಿನಿಮಾ ಬಂದಾಗೆಲ್ಲ. ನಾವು ಹುಡುಗರು ನಂಬಿದ್ದೆವು. ರಾಜ್‌ಕುಮಾರ್ ಮಾಡಿದ ರಾಜೀವ ಅಕ್ಕನ ಮನೆಯಲ್ಲಿ ಸುಖವಾಗಿದ್ದಾನೆ, ಹೊಲ ಇದೆ, ಸಿನಿಮಾ ಅಷ್ಟೇ ಅಂತ. ಹಾಸ್ಟೆಲ್‌ಗೆ ಸೇರಿದ ಮೇಲೆ ಅಲ್ಲಿನ ಟಿವಿಯಲ್ಲಿ ಒಂದು ಭಾನುವಾರ ಪೂರ್ತಿ ನೋಡಿದೆ. ಅದು ಬಣ್ಣದ ಸಿನಿಮಾ ಅಂತ ಗೊತ್ತಾಗಿದ್ದೂ ಅವತ್ತೇ. ಅಕ್ಕನ ಮಗ ಊಟಕ್ಕೆ ಕೂತ ರಾಜೀವನಿಗೆ ಆಡಬಾರದ ಮಾತು ಆಡುತ್ತಾನೆ. ರಾಜೀವ ತುತ್ತು ಬಿಟ್ಟು ಏಳುತ್ತಾನೆ. ಬಾಗಿಲು ದಾಟಿ ನಡೆದುಬಿಡುತ್ತಾನೆ. ನಿಜ ಗೊತ್ತಾಗಿ ಮನೆಯವರು ಹುಡುಕುವ ಹೊತ್ತಿಗೆ ಅವನು ಇಲ್ಲ. ನಾನು ಬೆಪ್ಪನ ಹಾಗೆ ಕೂತಿದ್ದೆ. ಪಕ್ಕದವನು "ಯಾಕೋ, ಈಗ ಮೊದಲ ಸಲ ನೋಡ್ತಿದೀಯಾ?" ಅಂದ. ಏನಂತ ಹೇಳೋದು? ಹತ್ತು ಸಲ ನೋಡಿದ್ದೆ.

1972ರ ಸಿನಿಮಾ ಅದು. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಥಿಯೇಟರಿನಲ್ಲಿ ಎರಡು ವರ್ಷ ಓಡಿತು. ನಿರ್ದೇಶಕ ಸಿದ್ದಲಿಂಗಯ್ಯ ಅದನ್ನು ಸುಖಾಂತ್ಯ ಮಾಡಿದ್ದರೆ ಅಷ್ಟು ಓಡುತ್ತಿತ್ತಾ ಅಂತ ನನಗೆ ಅನುಮಾನ. ಈಗಿನ ಹುಡುಗರು "ತುಂಬಾ ಬುದ್ಧಿ ಹೇಳುತ್ತೆ ಸರ್ ಅದು" ಅಂತಾರೆ. ಹೌದು, ಹೇಳುತ್ತೆ. ಆದರೆ ಆ ಊಟದ ಸೀನಿನಲ್ಲಿ ಅವನು ಯಾರಿಗೂ ಒಂದು ಮಾತೂ ತಿರುಗಿಸಿ ಹೇಳಿ ಗೆಲ್ಲುವುದಿಲ್ಲವಲ್ಲ, ಅದನ್ನು ನೋಡಿ.

ರಜೆಗೆ ಬಂದಾಗ ಅಜ್ಜಿಯನ್ನು ಕೇಳಿದೆ. ತೆಂಗಿನ ಗರಿ ಸೀಳಿ ಕಡ್ಡಿ ತೆಗೀತಿದ್ದಳು. ಕೈ ನಿಲ್ಲಿಸಲಿಲ್ಲ. "ಉಣ್ತಾ ಕೂತೋನ್ನ ಎಬ್ಬಿಸ್ಬಾರ್ದು ಕಣ್ಲಾ. ಅದ್ನ ನೋಡ್ಲೂಬಾರ್ದು" ಅಂದಳು. ಒಳಗೆ ಅಮ್ಮ ಮೆಲ್ಲಗೆ, "ನಿಮ್ಮಜ್ಜಿಗೂ ಒಬ್ಬ ತಮ್ಮ ಇದ್ದ" ಅಂದಳು. ಅಷ್ಟೇ. ನಾನೂ ಮುಂದೆ ಕೇಳಲಿಲ್ಲ.

ಎರಡನೆಯದು 'ಶರಪಂಜರ'. ಇಲ್ಲಿ ಎದ್ದು ಹೋದವರು ಒಬ್ಬರಲ್ಲ.

ಅಮ್ಮನ ತಂಗಿ, ನನ್ನ ಚಿಕ್ಕಮ್ಮ, ಎರಡನೇ ಹೆರಿಗೆಯಾದ ಮೇಲೆ ಮಂಕಾಗಿದ್ದಳು. ನಿದ್ದೆ ಇಲ್ಲ, ಮಗುವನ್ನು ಮುಟ್ಟುತ್ತಿರಲಿಲ್ಲ, ಗೋಡೆ ನೋಡಿಕೊಂಡು ಕೂತಿರುತ್ತಿದ್ದಳು. ಬೆಂಗಳೂರಿನಲ್ಲಿ ಎರಡು ತಿಂಗಳು ಚಿಕಿತ್ಸೆ ಆಯ್ತು. ಚೆನ್ನಾಗಿಯೇ ಹುಷಾರಾಗಿ, ಸ್ವಲ್ಪ ದಿನ ಇರಲಿ ಅಂತ ನಮ್ಮ ಮನೆಗೆ ಬಂದಳು. ನಮ್ಮ ಮನೆಯವರು ಕೆಟ್ಟವರಲ್ಲ. ಯಾರೂ ಒಂದು ಮಾತು ಆಡಲಿಲ್ಲ. ಆದರೆ ಚಿಕ್ಕಮ್ಮ ತರಕಾರಿ ಹೆಚ್ಚೋಕೆ ಈಳಿಗೆಮಣೆ ಮುಂದೆ ಕೂತರೆ ಸಾಕು, ಅಜ್ಜಿ ಎಲ್ಲಿದ್ದರೂ ಬಂದು, "ತಾ ನಾನ್ ಹೆಚ್ತೀನಿ, ನೀ ಸುಮ್ನೆ ಕೂತ್ಕೊ" ಅನ್ನೋಳು. ಬಾವಿಗೆ ಹೋದರೆ ಹಿಂದೆಯೇ ಅಮ್ಮ. ಮಗುವಿಗೆ ಸ್ನಾನ ಮಾಡಿಸುವಾಗ ಬಾಗಿಲಲ್ಲಿ ಇನ್ಯಾರೋ. ಎಲ್ಲ ಪ್ರೀತಿಯಿಂದಲೇ. ಉಣ್ಣುವವನನ್ನು ಎಬ್ಬಿಸುವುದನ್ನು ನೋಡಲಾಗದ ಅದೇ ಅಜ್ಜಿ.

ಒಂದು ಸಂಜೆ ಟಿವಿಯಲ್ಲಿ 'ಶರಪಂಜರ' ಶುರುವಾಯ್ತು. ಯಾವ ಸಿನಿಮಾ ಅಂತ ಗೊತ್ತಾದ ಕೂಡಲೇ ಅಪ್ಪ, "ಬೇರೆ ಏನಾದ್ರೂ ಹಾಕೋ" ಅಂದರು. ಚಿಕ್ಕಮ್ಮ, "ಇರ್ಲಿ ಭಾವ, ನೋಡೋಣ" ಅಂದಳು. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲ್ 1971ರಲ್ಲಿ ಮಾಡಿದ್ದು. ಕಲ್ಪನಾ ಮಾಡಿದ ಕಾವೇರಿಯೂ ಹೆರಿಗೆಯ ನಂತರ ಕಾಯಿಲೆ ಬೀಳುವವಳೇ. ತ್ರಿವೇಣಿ ಸ್ವತಃ 1963ರಲ್ಲಿ, ಹೆರಿಗೆಯಾದ ಕೆಲವೇ ದಿನಕ್ಕೆ ತೀರಿಕೊಂಡವರು. ಆ ಲೆಕ್ಕವೆಲ್ಲ ನನಗೆ ಆಮೇಲೆ ಗೊತ್ತಾಗಿದ್ದು. ಅವತ್ತು ಗೊತ್ತಿದ್ದದ್ದು ಇಷ್ಟೇ: ಕಾವೇರಿ ಆಸ್ಪತ್ರೆಯಿಂದ ಮನೆಗೆ ಬರುತ್ತಾಳೆ, ಅವಳನ್ನು ನೋಡುವ ಕಣ್ಣುಗಳು ಬದಲಾಗಿರುತ್ತವೆ. ಅಲ್ಲಿಂದ ಶುರುವಾಯ್ತು ನೋಡಿ. ಮೊದಲು ಅಜ್ಜಿ, ಒಲೆ ಮೇಲೆ ಹಾಲಿದೆ ಅಂತ ಎದ್ದಳು. ಅಪ್ಪ ಪೇಪರ್ ಹಿಡಿದು ಜಗಲಿಗೆ ಹೋದರು. ಅಮ್ಮ ಸೆರಗಲ್ಲಿ ಮುಖ ಒರೆಸಿಕೊಂಡು ಹಿತ್ತಲಿಗೆ. ಕೊನೆಗೆ ಪಡಸಾಲೆಯಲ್ಲಿ ಉಳಿದಿದ್ದು ಚಿಕ್ಕಮ್ಮ, ತೊಡೆ ಮೇಲೆ ಮಲಗಿದ್ದ ಮಗು, ಮತ್ತೆ ನಾನು.

ಮುಗಿದ ಮೇಲೆ ಅವಳು ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ, "ಕಾವೇರಿ ಹುಷಾರಾಗಿದ್ಲು ಕಣೋ. ಮನೆಯೋರೇ ಆಗ್ಲಿಲ್ಲ" ಅಂದಳು. ಅತ್ತಿರಲಿಲ್ಲ. ಮಾರನೇ ದಿನ ಬೆಳಿಗ್ಗೆ ಒಂದು ದೊಡ್ಡ ಸೋರೆಕಾಯಿ ತಗೊಂಡು ಈಳಿಗೆಮಣೆ ಮುಂದೆ ಕೂತಳು. ಅಜ್ಜಿ ಬಂದಳು. ನಿಂತಳು. ಚಿಕ್ಕಮ್ಮ ತಲೆ ಎತ್ತಲಿಲ್ಲ, ಹೆಚ್ಚುತ್ತಲೇ ಇದ್ದಳು. ಅಜ್ಜಿ ಸ್ವಲ್ಪ ಹೊತ್ತು ನೋಡಿ, "ದಪ್ಪ ಆಯ್ತು, ಇನ್ನೂ ಸಣ್ಣಕೆ ಹೆಚ್ಚು" ಅಂತ ಹೇಳಿ ಹೋದಳು. ಸಿನಿಮಾದಿಂದ ಸಮಾಜ ಬದಲಾಗುತ್ತಾ ಅಂತ ಆಗಾಗ ಇಲ್ಲಿ ಜಗಳ ಆಗುತ್ತಲ್ಲ, ಆಗೆಲ್ಲ ನನಗೆ ನೆನಪಾಗೋದು ಆ ಸೋರೆಕಾಯಿ.

'ತಬರನ ಕಥೆ'ಯ ತಪ್ಪು ಪೂರ್ತಿ ನನ್ನದೇ. ಆಗಷ್ಟೇ ತೇಜಸ್ವಿ ಓದೋಕೆ ಶುರು ಮಾಡಿದ್ದೆ. ಅವರ ಕತೆ, ಗಿರೀಶ್ ಕಾಸರವಳ್ಳಿಯವರ ಸಿನಿಮಾ, 1986ರ ಸಾಲಿನ ಸ್ವರ್ಣಕಮಲ, ಚಾರುಹಾಸನ್‌ಗೆ ರಾಷ್ಟ್ರಪ್ರಶಸ್ತಿ. ಮನೆಯವರಿಗೆಲ್ಲ ಒಳ್ಳೇ ಸಿನಿಮಾ ತೋರಿಸ್ತೀನಿ ಅನ್ನೋ ಹುಮ್ಮಸ್ಸಲ್ಲಿ ಸಿಡಿ ತಂದೆ. ಅಪ್ಪ ರಿಟೈರ್ ಆಗಿ ಆಗ ಹತ್ತು ತಿಂಗಳು. ಪೆನ್ಷನ್ ಇನ್ನೂ ಆಗಿರಲಿಲ್ಲ. ಸರ್ವಿಸ್ ರಿಜಿಸ್ಟರಿನಲ್ಲಿ ಯಾವುದೋ ವರ್ಷದ ಇನ್‌ಕ್ರಿಮೆಂಟಿಗೆ ಸಹಿ ಇಲ್ಲ ಅಂತ ಫೈಲು ವಾಪಸ್ ಬಂದಿತ್ತು. ಸಹಿ ಹಾಕಬೇಕಿದ್ದವರು ತೀರಿಕೊಂಡು ಆರು ವರ್ಷ ಆಗಿತ್ತು. ಅಪ್ಪ ಪ್ರತಿ ಸೋಮವಾರ ಬಿಳಿ ಅಂಗಿಗೆ ಇಸ್ತ್ರಿ ಹಾಕಿಕೊಂಡು, ಕೆಂಪು ದಾರ ಕಟ್ಟಿದ ಫೈಲು ಕಂಕುಳಲ್ಲಿ ಇಟ್ಟುಕೊಂಡು ಹೋಗೋರು. ಸಂಜೆ ಬಂದು, "ಇನ್ನೊಂದು ಅಬ್ಜೆಕ್ಷನ್ ಹಾಕಿದಾರೆ" ಅನ್ನೋರು, ಬಸ್ ಲೇಟಾಯ್ತು ಅನ್ನುವಷ್ಟೇ ಸಾಮಾನ್ಯವಾಗಿ.

ಇದೆಲ್ಲ ಕಣ್ಣೆದುರೇ ಇದ್ದರೂ ನಾನು ಆ ಸಿಡಿ ಹಾಕಿದೆ. ಎಂಥಾ ಮಂಕು ಅಂತ ನೀವೇ ಹೇಳಿ.

ತಬರ ಶೆಟ್ಟಿಯ ಪೆನ್ಷನ್ ನಿಂತಿದೆ. ಹೆಂಡತಿಗೆ ಸಕ್ಕರೆ ಕಾಯಿಲೆ, ಕಾಲು ಕೊಳೆಯುತ್ತಿದೆ, ತೆಗೆಸೋಕೆ ದುಡ್ಡಿಲ್ಲ. ಅವನು ಕಟುಕನ ಹತ್ತಿರ ಹೋಗಿ ಕಾಲು ಕತ್ತರಿಸಿಕೊಡು ಅಂತ ಕೇಳುತ್ತಾನೆ. ಅಲ್ಲಿಗೆ ಬಂದಾಗ ಅಪ್ಪ ಎದ್ದರು. "ಹಾಲು ತಂದಿಲ್ಲ ಅಲ್ವಾ?" ಅಂದರು. ರಾತ್ರಿ ಒಂಬತ್ತೂವರೆ. ಫ್ರಿಜ್ಜಿನಲ್ಲಿ ಎರಡು ಪ್ಯಾಕೆಟ್ ಇತ್ತು. ಅಮ್ಮನಿಗೂ ಗೊತ್ತು, ಅಪ್ಪನಿಗೂ ಗೊತ್ತು. ಯಾರೂ ಮಾತಾಡಲಿಲ್ಲ. ಗಂಟೆಯ ನಂತರ ಬರಿಗೈಯಲ್ಲಿ ಬಂದು ಮಲಗಿದರು. ಬೆಳಿಗ್ಗೆ ಸೋಮವಾರ, ಮತ್ತೆ ಇಸ್ತ್ರಿ, ಮತ್ತೆ ಫೈಲು. ಒಟ್ಟು 14 ತಿಂಗಳು ಆಯ್ತು ಪೆನ್ಷನ್ ಬರೋಕೆ.

ಆ ಸಿನಿಮಾದಲ್ಲಿ ಬೈದು ಸಮಾಧಾನ ಮಾಡಿಕೊಳ್ಳೋಣ ಅಂದ್ರೆ ಒಬ್ಬ ಸರಿಯಾದ ಖಳನಾಯಕನೂ ಸಿಗಲ್ಲ. ಅದೇ ಅದರ ದೊಡ್ಡ ಕ್ರೌರ್ಯ, ದೊಡ್ಡ ಗುಣವೂ. ಎಲ್ಲರ ಹತ್ತಿರವೂ ಒಂದು ರೂಲು ಇರುತ್ತೆ. ಅಪ್ಪನ ಫೈಲು ವಾಪಸ್ ಕಳಿಸಿದವರೂ ಕುರ್ಚಿ ಕೊಟ್ಟು, ಕೂರಿಸಿಯೇ ಕಳಿಸುತ್ತಿದ್ದರಂತೆ. ಕಾಫಿ ಕೂಡ ತರಿಸಿದ್ದರಂತೆ ಒಂದ್ಸಲ.

ಇಷ್ಟೆಲ್ಲ ಬರೆದು, 'ಮುಂಗಾರು ಮಳೆ' ಎಲ್ಲಿ ಅಂತ ಕೇಳ್ತೀರ. ಮೊಲ ಸತ್ತಾಗ ಥಿಯೇಟರೆಲ್ಲ ಮೂಗೊರೆಸಿಕೊಂಡಿತು, ನಾನೊಬ್ಬ ಒರೆಸಿಕೊಳ್ಳಲಿಲ್ಲ. ಹಾಡು ಇವತ್ತಿಗೂ ಇಷ್ಟ. ಬೈಯೋರು ಬೈಕೊಳ್ಳಿ.

'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಬಂದಿದ್ದು 2016ರ ಜೂನಿನಲ್ಲಿ. ಅಷ್ಟೊತ್ತಿಗೆ ನಾನು ಬೆಂಗಳೂರಲ್ಲಿ ಮನೆ ಮಾಡಿದ್ದೆ, ಅಪ್ಪ ಬಂದಿದ್ದರು. ಅನಂತ್ ನಾಗ್ ಅಂದ್ರೆ ಅಪ್ಪನಿಗೆ ಪ್ರಾಣ. ಕರ್ಕೊಂಡು ಹೋದೆ. ಮರೆವಿನ ಕಾಯಿಲೆಯ ವೆಂಕೋಬ ರಾವ್ ಕಳೆದುಹೋಗುತ್ತಾರೆ, ರಕ್ಷಿತ್ ಶೆಟ್ಟಿ ಮಾಡಿದ ಮಗ ಶಿವ ಊರೆಲ್ಲ ಹುಡುಕುತ್ತಾನೆ. ಇಂಟರ್‌ವಲ್‌ನಲ್ಲಿ ಅಪ್ಪ ಟಾಯ್ಲೆಟ್‌ಗೆ ಹೋದರು. ನಾನು ಪಾಪ್‌ಕಾರ್ನ್ ತಂದೆ. ಸಿನಿಮಾ ಶುರುವಾಯ್ತು. ಅಪ್ಪ ಬರಲಿಲ್ಲ.

ಐದು ನಿಮಿಷ ಕಾದೆ. ಹೊರಗೆ ಬಂದೆ. ಟಾಯ್ಲೆಟ್ ಖಾಲಿ. ಫೋನ್ ಸೀಟಿನಲ್ಲೇ ಬಿಟ್ಟಿದ್ದಾರೆ. ಅಪ್ಪನಿಗೆ ಮರೆವು ಗಿರೆವು ಏನಿಲ್ಲ, ಗಟ್ಟಿಮುಟ್ಟಾದ ಮನುಷ್ಯ. ಆದರೆ ಒಳಗೆ ಅಂಥ ಸಿನಿಮಾ ನೋಡಿ ಬಂದವನ ತಲೆ ಹೇಗೆ ಓಡುತ್ತೆ ಹೇಳಿ. ಟಾರ್ಚ್ ಹಿಡಿದ ಹುಡುಗನ ಹತ್ತಿರ ಓಡಿದೆ. "ಹೇಗಿದಾರೆ ಸರ್? ಯಾವ ಬಣ್ಣದ ಶರ್ಟು?" ಅಂದ.

ನನಗೆ ಗೊತ್ತಿರಲಿಲ್ಲ. ಬೆಳಿಗ್ಗೆಯಿಂದ ಜೊತೆಗೇ ಇದ್ದೀನಿ. ಕಾರಿನಲ್ಲಿ ಪಕ್ಕದಲ್ಲೇ ಕೂತಿದ್ದರು. ಎಷ್ಟು ತಡಕಿದರೂ ಶರ್ಟಿನ ಬಣ್ಣ ನೆನಪಿಗೆ ಬರಲಿಲ್ಲ. "ಅರವತ್ತೊಂಬತ್ತು ವರ್ಷ... ಕನ್ನಡಕ... ಸಾಧಾರಣ..." ಅನ್ನುತ್ತಾ ನನ್ನ ಮಾತು ನನಗೇ ಕೇಳಿ ನಿಂತುಬಿಟ್ಟೆ. ಆ ಹುಡುಗ ಪಾಪ, ನಗಲೂ ಆಗದೆ ಸುಮ್ಮನೆ ನೋಡಿದ.

ಅಪ್ಪ ಸಿಕ್ಕಿದ್ದು ಪಕ್ಕದ ಸ್ಕ್ರೀನಿನಲ್ಲಿ. ಬಾಗಿಲು ತಪ್ಪಿ ಒಳಗೆ ಹೋಗಿ, ಕತ್ತಲಲ್ಲಿ ಸಿಕ್ಕ ಸೀಟಿನಲ್ಲಿ ಕೂತು, ಯಾವುದೋ ಇಂಗ್ಲಿಷ್ ಹೊಡೆದಾಟದ ಸಿನಿಮಾ ನೋಡುತ್ತಿದ್ದರು. "ಕಥೆ ಎಲ್ಲಿಗೋ ಹೋಯ್ತಲ್ಲ ಅಂದ್ಕೊಂಡೆ, ಇದೂ ಚೆನ್ನಾಗಿತ್ತು ಬಿಡು" ಅಂದರು. ಹಾಕಿದ್ದು ನೀಲಿ ಚೌಕುಳಿ ಅಂಗಿ. ಕಳೆದ ದೀಪಾವಳಿಗೆ ನಾನೇ ಕೊಡಿಸಿದ್ದು. ಹೇಮಂತ್ ರಾವ್ ಅವರ ಆ ಸಿನಿಮಾದ ಉಳಿದ ಅರ್ಧ ನಾನು ನೋಡಿದ್ದು ಒಂದು ವರ್ಷದ ಮೇಲೆ, ಒಬ್ಬನೇ.

ಇನ್ನು ಐದನೆಯದು. 2021ರ ಅಕ್ಟೋಬರ್ 29 ಆಗಿ ಒಂದು ವಾರ. ಅಪ್ಪು ಇಲ್ಲ ಅನ್ನೋದು ಯಾರ ಬಾಯಲ್ಲೂ ಇನ್ನೂ ಕೂತಿರಲಿಲ್ಲ. ಒಂಬತ್ತು ವರ್ಷದ ಮಗಳಿಗೆ 'ಬೆಟ್ಟದ ಹೂವು' ಹಾಕಿಕೊಟ್ಟೆ. ಅವಳಷ್ಟೇ ವಯಸ್ಸಿನ ಪುನೀತ್. ಬೆಟ್ಟ ಹತ್ತಿ ಹೂವು ತಂದು ಶರ್ಲಿ ಮೇಡಂಗೆ ಕೊಟ್ಟು, ಬಂದ ಕಾಸನ್ನು ಕೂಡಿಡುತ್ತಾನೆ ರಾಮು. ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಕೊಳ್ಳಬೇಕು ಅಂತ. "ಅಷ್ಟು ದಪ್ಪ ಪುಸ್ತಕ ಓದ್ತಾನಾ ಅವ್ನು?" ಅಂದಳು ಮಗಳು. "ಓದ್ತಾನೆ" ಅಂದೆ.

ರಾಮು ದುಡ್ಡು ಹಿಡಿದು ಅಂಗಡಿಗೆ ಹೊರಟ. ನನಗೆ ಗೊತ್ತಿತ್ತು. ಪುಸ್ತಕಕ್ಕೆ ಅಂತ ಕೂಡಿಟ್ಟ ಆ ದುಡ್ಡು, ಚಳಿಯಲ್ಲಿ ನಡುಗುವ ಮನೆಯವರ ಹೊದಿಕೆಗೆ ಹೋಗುತ್ತೆ ಅಂತ. ಮಗಳು ಸೋಫಾದ ತುದಿಗೆ ಬಂದು ಕೂತಿದ್ದಳು. ನಾನು ಎದ್ದೆ.

"ಎಲ್ಲಿಗೆ?"

"ನೀರು ಕುಡಿದು ಬರ್ತೀನಿ."

ಅಡುಗೆಮನೆಯಲ್ಲಿ ಲೋಟ ಹಿಡಿದು ನಿಂತಿದ್ದೆ. ನಲ್ಲಿ ತಿರುಗಿಸಿರಲಿಲ್ಲ. ಟಿವಿಯ ಸದ್ದೂ ಕೇಳಿಸುತ್ತಿರಲಿಲ್ಲ. ಮುಗೀತೇನೋ ಅಂತ ಇಣುಕಿದೆ. ಪರದೆ ಮೇಲೆ ರಾಮು ಹಾಗೇ ನಿಂತಿದ್ದ, ಬಾಯಿ ಅರ್ಧ ತೆರೆದು. ಮಗಳು ರಿಮೋಟ್ ಎತ್ತಿ ತೋರಿಸಿದಳು.

"ಪಾಸ್ ಮಾಡಿದೀನಿ ಅಪ್ಪ. ನಿಧಾನಕ್ಕೆ ಕುಡಿದು ಬಾ."